ಮೂರನ್ನ ಹೊರಗೆ ಕೂರ್ಸು

ಮೂರನೇ ಸರ್ವರಿನ ಮುಂದೆ ಚಿಕ್ಕಮಾರಮ್ಮ ಕುಕ್ಕರುಗಾಲಲ್ಲಿ ಕೂತಿದ್ದಳು. ಒಂದು ಕೈಯಲ್ಲಿ ಬಣ್ಣ ಬಳಿಯುವ ಹಳೆಯ ಬ್ರಷ್ಷು, ಇನ್ನೊಂದು ಕೈಯಲ್ಲಿ ಹಿಂಡಿದ ಬಟ್ಟೆ. ಆದರೂ ಮಿಷನ್ನಿಗೆ ಇನ್ನೂ ಕೈ ಹಚ್ಚಿರಲಿಲ್ಲ. ಕತ್ತು ತಿರುಗಿಸಿ ಮೂಲೆಯ ಮೇಜಿನ ಮೇಲಿದ್ದ ಮಾನಿಟರನ್ನು ನೋಡುತ್ತಿದ್ದಳು. ಅಲ್ಲಿ ನಾಲ್ಕು ಮಿಷನ್ನುಗಳಿಗೆ ನಾಲ್ಕು ಸಾಲು. ಮೂರು ಸಾಲಿನ ಮುಂದೆ ಹಸಿರು ಚುಕ್ಕೆ, ಮೂರನೆಯದರ ಮುಂದೆ ಮಾತ್ರ ಹಳದಿ. ಹಳದಿಯ ಪಕ್ಕದಲ್ಲಿ ಎರಡು ಎಂಬ ಅಂಕಿ. ಅಂದರೆ ಎಲ್ಲೋ ಕೂತು ಈ ಮಿಷನ್ನಿನಲ್ಲಿ ಅರ್ಜಿ ತುಂಬುತ್ತಿರುವವರು ಇನ್ನೂ ಇಬ್ಬರು ಉಳಿದಿದ್ದಾರೆ.

ಬೆಳಗಿನ ಏಳು ಗಂಟೆ. ಆಫೀಸಿಗೆ ಬೇರೆ ಯಾರೂ ಬಂದಿರಲಿಲ್ಲ. ಅಂಕಿ ಒಂದಕ್ಕೆ ಇಳಿಯಿತು. ಕೊನೆಯವರು ಬೇಗ ಏಳಲಿಲ್ಲ. ಯಾವ ಊರಿನವರೋ, ಅರ್ಜಿಯಲ್ಲಿ ಅಪ್ಪನ ಹೆಸರು ತುಂಬಿಸುತ್ತಿದ್ದಾರೋ, ಊರಿನ ಹೆಸರಿಗೆ ಸರಿಯಾದ ಇಂಗ್ಲಿಷ್ ಅಕ್ಷರ ಹುಡುಕುತ್ತಿದ್ದಾರೋ. ಗುಂಡಿ ಅದುಮಿ ಎಬ್ಬಿಸಿಬಿಡಬಹುದಿತ್ತು. ಅವಳು ಹಾಗೆ ಯಾವತ್ತೂ ಮಾಡಿದವಳಲ್ಲ. ಇಪ್ಪತ್ತು ನಿಮಿಷ ಕಾದಳು. ಅಂಕಿ ಸೊನ್ನೆಯಾದ ಮೇಲೆ ಮಿಷನ್ನು ಆರಿಸಿ, ಮುಂದಿನ ಜಾಲರಿ ಬಿಚ್ಚಿ, ಬ್ರಷ್ಷಿನಲ್ಲಿ ಧೂಳು ಕೆಡವಿದಳು. ಧೂಳು ಹಿಟ್ಟಿನಂತೆ ಪೇಪರಿನ ಮೇಲೆ ಉದುರಿತು. ಈ ಮಿಷನ್ನಿನ ಫ್ಯಾನು ಮೊದಲಿನಿಂದಲೂ ಸ್ವಲ್ಪ ಸೊರಗಿದ್ದು. ಮತ್ತೆ ಹಾಕಿದಾಗ ಅದು ಒಂದು ಸಲ ನರಳಿ ಆಮೇಲೆ ತಿರುಗುತ್ತದೆ. ಅದು ತಿರುಗಿದ್ದನ್ನು ಖಾತ್ರಿ ಮಾಡಿಕೊಂಡು, ಮೇಜಿನ ಹತ್ತಿರ ಹೋಗಿ ಒಂದೇ ಬೆರಳಿನಲ್ಲಿ ಗುಂಡಿ ಒತ್ತಿದಳು. ಹಳದಿ ಹಸಿರಾಯಿತು. ಸೊನ್ನೆ ಹೋಗಿ ಏಳಾಯಿತು, ಹದಿನಾಲ್ಕಾಯಿತು.

ಶಿರಾ ಗೇಟಿನಲ್ಲಿ ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆ ಆಫೀಸು. ತೊಂಬತ್ತರ ದಶಕದಲ್ಲಿ ಯಜಮಾನರಾದ ಚನ್ನವೀರಯ್ಯನವರು ಅಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದವು. ಕಲಿಯುವವರು ಕಡಿಮೆಯಾದ ಮೇಲೆ ಕಾಲೇಜುಗಳ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಹಿಡಿದರು. ಎರಡು ಸಾವಿರದ ಒಂಬತ್ತನೇ ಇಸವಿಯ ಹೊತ್ತಿಗೆ ಒಳಕೋಣೆಯಲ್ಲಿ ನಾಲ್ಕು ಸರ್ವರ್‌ಗಳೂ, ಬರುವ ಜನರನ್ನು ಆ ನಾಲ್ಕಕ್ಕೂ ಹಂಚುವ ಒಂದು ಚಪ್ಪಟೆ ಪೆಟ್ಟಿಗೆಯೂ ಇದ್ದವು. ಪೆಟ್ಟಿಗೆ ಬೆಂಗಳೂರಿನಿಂದ ತಂದ ಸೆಕೆಂಡ್ ಹ್ಯಾಂಡ್ ಮಾಲು. ನಾಲ್ಕು ಸರ್ವರ್ ಸೇರಿ ಒಂದು ಪೂಲ್ ಎಂದು ಇಂಜಿನಿಯರ್ ರವೀಶ್ ಹೇಳಿದಾಗ ಚಿಕ್ಕಮಾರಮ್ಮನ ಕಿವಿಗೆ ಅದು ಪೋಲು ಎಂದು ಬಿದ್ದಿತ್ತು. ಇಷ್ಟು ಚೆನ್ನಾಗಿ ಓಡುವ ಮಿಷನ್ನುಗಳನ್ನು ಇವರು ಯಾಕೆ ಪೋಲು ಅನ್ನುತ್ತಾರೆ ಎಂದು ಅವಳು ಒಂದು ವಾರ ಯೋಚಿಸಿದ್ದಳು. ಯಾರನ್ನೂ ಕೇಳಿರಲಿಲ್ಲ.

ಕೇಳುವ ಜಾಯಮಾನ ಅವಳದಲ್ಲ, ನೋಡುವ ಜಾಯಮಾನ. ಗುಬ್ಬಿ ತಾಲ್ಲೂಕಿನ ಒಂದು ಹಟ್ಟಿ ಅವಳದು. ಏಳನೇ ಕ್ಲಾಸಿನ ಪರೀಕ್ಷೆಯ ಎರಡನೇ ದಿನ ದೊಡ್ಡವಳಾದಳು. ಹಟ್ಟಿಯ ಹೊರಗಿನ ಗುಡ್ಲಿನಲ್ಲಿ ಕೂತು ದಿನ ಕಳೆದು ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು. ಆಮೇಲೆ ಅವಳನ್ನು ಸ್ಕೂಲು ಬಿಡು ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಯಾರೂ ಹೇಳಲಿಲ್ಲ. ಮೇಷ್ಟ್ರು ಎರಡು ಸಲ ಹೇಳಿ ಕಳಿಸಿ ಸುಮ್ಮನಾದರು. ಇಪ್ಪತ್ತೊಂದನೇ ವಯಸ್ಸಿಗೆ ಮರಳೂರಿನಲ್ಲಿದ್ದ ಸೋದರತ್ತೆ ತನ್ನ ಮನೆಗೆ ಕರೆಸಿಕೊಂಡು ಈ ಕಸ ಗುಡಿಸುವ ಕೆಲಸ ಹುಡುಕಿಕೊಟ್ಟಳು. ಕೆಲಸ ಇರುವ ತನಕ ಇರು, ಕೆಲಸ ಹೋದ ದಿನ ಹಟ್ಟಿಯ ಬಸ್ಸು ಹತ್ತು ಎಂದು ಮೊದಲ ದಿನವೇ ಹೇಳಿದ್ದಳು. ಅತ್ತೆಯ ಮನೆಯಲ್ಲೂ ತಿಂಗಳಿಗೆ ಮೂರು ದಿನ ಹಿತ್ತಲಿನ ಶೀಟಿನ ಕೆಳಗೆ ತಟ್ಟೆ, ಚೊಂಬು, ಚಾಪೆ ಬೇರೆ ಇಟ್ಟುಕೊಂಡಿರಬೇಕು. ಆದರೆ ಬೆಳಿಗ್ಗೆ ಆರೂವರೆಗೆ ಎದ್ದು ಶಿರಾ ಗೇಟಿಗೆ ಬಂದುಬಿಟ್ಟರೆ ಆಯಿತು. ಒಳಕೋಣೆಯ ತಣ್ಣನೆ ಗಾಳಿಯಲ್ಲಿ ಇವತ್ತು ಯಾವ ದಿನ ಎಂದು ಕೇಳುವವರಿಲ್ಲ. ಮುಟ್ಟಿದ್ದು ಮೈಲಿಗೆಯಾಗುವುದಿಲ್ಲ. ಆ ಕೋಣೆಗಾಗಿಯೇ ಅವಳು ಆ ಕೆಲಸವನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಆಫೀಸಿನವರು ಅವಳ ಹೆಸರನ್ನು ತುಂಡು ಮಾಡಿ ಚಿಕ್ಕಮ್ಮ ಎಂದು ಕರೆದರು. ಅವಳಿಗಿಂತ ದೊಡ್ಡವರೂ, ಮದುವೆಯಾದವರೂ ಚಿಕ್ಕಮ್ಮ ಟೀ, ಚಿಕ್ಕಮ್ಮ ನೀರು ಎನ್ನುವಾಗ ನಗು ಬರುತ್ತಿತ್ತು. ಪೂರ್ತಿ ಹೆಸರು ಹಿಡಿದು ಕರೆಯುತ್ತಿದ್ದವನು ಕುಣಿಗಲ್ಲಿನ ರವೀಶ್ ಒಬ್ಬನೇ. ಅವನು ಮಾತುಗಾರ. ಹೆದ್ದಾರಿಯ ಧೂಳು ಮುಚ್ಚಿದ ಕಿಟಕಿಯೊಳಗೂ ನುಗ್ಗಿ ಮಿಷನ್ನುಗಳ ಮೂಗು ಕಟ್ಟುತ್ತಿದ್ದುದರಿಂದ ವಾರಕ್ಕೊಂದು ಸಲ ಒಂದೊಂದನ್ನೂ ಬಿಚ್ಚಿ ಉಜ್ಜಬೇಕಿತ್ತು. ಜನ ಕಡಿಮೆ ಇರುವ ಬೆಳಗಿನ ಹೊತ್ತೇ ಅದಕ್ಕೆ ಸರಿ. ಅವನ ಬಸ್ಸು ಬರುವುದು ಹತ್ತಕ್ಕೆ. ಅವಳಿಗಿಂತ ಮೊದಲು ಇದ್ದ ಹೆಂಗಸು ಒಂದು ದಿನ ಓಡುತ್ತಿದ್ದ ಮಿಷನ್ನಿನ ವೈರನ್ನೇ ಕಿತ್ತು ಒರೆಸಿ, ಎಂಬತ್ತು ಜನರ ಅರ್ಜಿ ಅರ್ಧಕ್ಕೆ ನಿಂತಿತ್ತಂತೆ. ಅದಕ್ಕೇ ರವೀಶ್ ಚಿಕ್ಕಮಾರಮ್ಮನನ್ನು ಮಾನಿಟರಿನ ಮುಂದೆ ನಿಲ್ಲಿಸಿಕೊಂಡು ಹೇಳಿಕೊಟ್ಟ.

"ನೋಡು ಚಿಕ್ಕಮಾರಮ್ಮ, ಒರೆಸೋಕೆ ಮೊದ್ಲು ಈ ಪೆಟ್ಟಿಗೆಗೆ ಹೇಳ್ಬೇಕು, ಆ ಮಿಷನ್‌ಗೆ ಇನ್ಮೇಲೆ ಯಾರ್ನೂ ಕಳಿಸ್ಬೇಡ ಅಂತ. ಅದ್ರಾಗಿರೋರು ಕೆಲ್ಸ ಮುಗಿಸ್ಕೊಂಡು ಅವ್ರಾಗೇ ಎದ್ದೋಗ್ಲಿ. ಮಿಷನ್ ಆಫ್ ಆಗಿಲ್ಲ, ಕೆಟ್ಟೂ ಇಲ್ಲ. ಸುಮ್ನೆ ಯಾರೂ ಅದ್ರ ಹತ್ರ ಹೋಗಲ್ಲ ಅಷ್ಟೆ."

"ಹೊರಗೆ ಕೂತಂಗೆ ಸಾ," ಎಂದುಬಿಟ್ಟಳು ಅವಳು.

ಬಾಯಿಂದ ಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು. ರವೀಶ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಹೊರಗಿನ ರೂಮಿಗೆ ಹೋಗಿ ಎಲ್ಲರಿಗೂ ಹೇಳಿದ. ಮಾರನೇ ದಿನ ಅವನು ಬರೆದ ಪುಟದಲ್ಲಿ ಎರಡು ಗುಂಡಿ ಬಂದಿದ್ದವು, ಇಂಗ್ಲಿಷ್ ಅಕ್ಷರದಲ್ಲಿ: ಹೊರಗೆ, ಒಳಗೆ. ಅಲ್ಲಿಂದ ಆಫೀಸಿನಲ್ಲಿ ಅದೇ ಮಾತು ನಿಂತಿತು. ಗುಬ್ಬಿಯಿಂದ ರೈಲಿನಲ್ಲಿ ಬರುತ್ತಿದ್ದ ಆಪರೇಟರ್ ಕಾವ್ಯ, ಆಗಿನ್ನೂ ಹೊಸಬಳು, "ಏನ್ ಚಿಕ್ಕಮ್ಮ, ಎರಡನೇದಕ್ಕೆ ಇವತ್ತು ಎಷ್ಟನೇ ದಿನ?" ಎಂದು ಎಲ್ಲರೆದುರಿಗೆ ಕೇಳುವಳು. ಚಿಕ್ಕಮಾರಮ್ಮ ತಲೆ ತಗ್ಗಿಸಿ ಲೋಟ ತೊಳೆಯಲು ಹೋಗುವಳು. ಅವಮಾನವೂ ಆಗುತ್ತಿತ್ತು. ತನ್ನ ಒಂದು ಮಾತು ಇಷ್ಟು ಜನರ ಬಾಯಲ್ಲಿದೆಯಲ್ಲ ಎಂದು ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಆ ಪೆಟ್ಟಿಗೆಗೆ ಒಂದು ಶಿಸ್ತು ಇತ್ತು. ಗೊತ್ತಾದ ನಮೂನೆಯಲ್ಲಿ ಕಾಗದ ಬರೆದು ಕಳಿಸಿದರೆ ಮಾತ್ರ ಓದುತ್ತದೆ, ಉತ್ತರವನ್ನೂ ಅದೇ ನಮೂನೆಯಲ್ಲಿ ಕೊಡುತ್ತದೆ. ಅದಕ್ಕೆ ವೆಬ್ ಸರ್ವೀಸ್ ಎಂದು ಹೆಸರು. ಅವಳು ಒತ್ತಿದ ಗುಂಡಿಯನ್ನು ಅಂಥ ಕಾಗದ ಮಾಡಿ ಕಳಿಸುವುದೇ ರವೀಶ್ ಬರೆದ ಪುಟದ ಕೆಲಸ. ಆದರೆ ಪ್ರತಿ ಕಾಗದದ ಕೆಳಗೆ ಒಬ್ಬರ ಹೆಸರು, ಪಾಸ್‌ವರ್ಡ್ ಇರಲೇಬೇಕು. ಯಾರು, ಎಷ್ಟು ಹೊತ್ತಿಗೆ, ಏನು ಹೇಳಿದರು ಎನ್ನುವುದನ್ನು ಪೆಟ್ಟಿಗೆ ಬರೆದಿಟ್ಟುಕೊಳ್ಳುತ್ತದೆ. ಕಾಲೇಜಿನವರ ಜೊತೆ ಆದ ಕರಾರಿನಲ್ಲಿ ಇದ್ದದ್ದು ಎರಡೇ ಹೆಸರು, ರವೀಶ್ ಮತ್ತು ಕಾವ್ಯ. ಗುಡಿಸುವವಳ ಹೆಸರಿಗೆ ಅಲ್ಲಿ ಜಾಗವಿರಲಿಲ್ಲ. ಪಾಸ್‌ವರ್ಡ್ ತನ್ನ ಊರಿನ ಹೆಸರು ಮತ್ತು ಹುಟ್ಟಿದ ಇಸವಿ ಎಂದು ರವೀಶ್ ತನ್ನದನ್ನೇ ಅವಳಿಗೆ ಹೇಳಿದ. ಯಾರ ಹತ್ತಿರವೂ ಬಾಯಿಬಿಡಬೇಡ ಎಂದ. ಅವಳು ಬಿಡಲಿಲ್ಲ. ಎಂಟು ತಿಂಗಳು ಪ್ರತಿ ಬೆಳಗೂ ರವೀಶನ ಹೆಸರಿನಲ್ಲಿ ಮಿಷನ್ನುಗಳನ್ನು ಹೊರಗೆ ಕೂರಿಸಿದಳು, ಒಳಗೆ ಕರೆದಳು. ಏಳು ಗಂಟೆಗೆ ಇನ್ನೂ ಕುಣಿಗಲ್ಲಿನಲ್ಲೇ ಇರುವ ಮನುಷ್ಯ ಇದನ್ನೆಲ್ಲ ಹೇಗೆ ಮಾಡುತ್ತಾನೆ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಯಾವುದೂ ಕೆಟ್ಟಿರಲಿಲ್ಲ.

ಜೂನ್ ತಿಂಗಳಿನಲ್ಲಿ ಚನ್ನವೀರಯ್ಯನವರು ವಸಂತನರಸಾಪುರದ ಒಂದು ಹೊಸ ಫ್ಯಾಕ್ಟರಿಯ ಕೆಲಸ ಒಪ್ಪಿಕೊಂಡರು. ಇಂಟರ್ನೆಟ್ ಇನ್ನೂ ಬರದ ಆ ಜಾಗದಲ್ಲಿ ಕಂಪ್ಯೂಟರ್ ಜೋಡಿಸಲು ರವೀಶನನ್ನು ಹದಿನೈದು ದಿನಕ್ಕೆ ಕಳಿಸಿದರು. ಹತ್ತನೇ ದಿನ ಡಿಪ್ಲೊಮಾ ಕಾಲೇಜುಗಳ ಅರ್ಜಿ ಹಾಕಲು ಕೊನೆಯ ದಿನವಾಗಿತ್ತು. ಆವತ್ತೇ ಬೆಳಿಗ್ಗೆ ಒಂಬತ್ತೂವರೆಗೆ ವೋಲ್ಟೇಜ್ ಬಿದ್ದು ಒಳಕೋಣೆಯ ಎಸಿ ನಿಂತಿತು. ಕಾವ್ಯ ಗಾಬರಿಯಾಗಿ ರವೀಶನಿಗೆ ಫೋನ್ ಮಾಡಿದಳು. ರೂಮು ಕಾಯುತ್ತಿದೆ, ಏನು ಮಾಡಲಿ ಎಂದಳು. ಆ ಕಡೆ ಫ್ಯಾಕ್ಟರಿಯ ಗದ್ದಲ. ರವೀಶ್ ಕಿರುಚಿಕೊಂಡು ಹೇಳಿದ್ದು ಬಾಗಿಲಲ್ಲಿ ಟೀ ಹಿಡಿದು ನಿಂತಿದ್ದ ಚಿಕ್ಕಮಾರಮ್ಮನಿಗೂ ಕೇಳಿಸಿತು.

"ಮೂರ್ನ ಹೊರಗೆ ಕೂರ್ಸು ಕಾವ್ಯ, ಮಿಕ್ಕಿದ್ದು ನಡೀಲಿ."

ಮೂರನೆಯದರ ಫ್ಯಾನು ಸೊರಗಿದೆ, ಸೆಕೆಯಲ್ಲಿ ಮೊದಲು ಬೀಳುವುದು ಅದೇ ಎಂದು ರವೀಶನಿಗೆ ಗೊತ್ತು. ವಾರವಾರ ಅದರ ಜಾಲರಿ ಬಿಚ್ಚುವ ಚಿಕ್ಕಮಾರಮ್ಮನಿಗೂ ಗೊತ್ತು. ಕಾವ್ಯಳಿಗೆ ಗೊತ್ತಿರಲಿಲ್ಲ. ಹಿಂದಿನ ಭಾನುವಾರ, ಜನವೇ ಇಲ್ಲದ ಹೊತ್ತಿನಲ್ಲಿ, ರವೀಶ್ ಫ್ಯಾಕ್ಟರಿಯಿಂದ ಬಂದು ಒಂದು ಮಿಷನ್ ಮಾತ್ರ ಬಿಟ್ಟು ಉಳಿದ ಮೂರನ್ನೂ ಹೊರಗೆ ಕೂರಿಸಿ ರಿಪೇರಿ ಮಾಡಿದ್ದನ್ನು ಕಾವ್ಯ ನೋಡಿದ್ದಳು. ಕಾವು ಇಳಿಯಬೇಕಾದರೆ ಮೂರು ಮಿಷನ್ನಿಗೆ ಕೆಲಸ ಕೊಡಬಾರದು, ಇದೂ ಹಾಗೇ ಇರಬೇಕು ಎಂದುಕೊಂಡಳು. ಅವನು ಮೂರನೇದನ್ನ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟುದ್ದ ಹೇಳುವ ಪುರಸೊತ್ತು ಅವನಿಗಿರಲಿಲ್ಲ. ಮೂರ್ನಾ ಸರ್, ಸರಿ ಸರ್ ಎಂದು ಕಾವ್ಯ ಫೋನಿಟ್ಟು, ಒಂದು, ಎರಡು, ಮೂರನ್ನು ಹೊರಗೆ ಕೂರಿಸಿ, ನಾಲ್ಕನೆಯದನ್ನು ಮಾತ್ರ ಬಿಟ್ಟು ಎದ್ದು ಹೊರರೂಮಿಗೆ ಹೋದಳು.

ಹತ್ತು ಗಂಟೆಗೆ ಸರಿಯಾಗಿ ಫೋನುಗಳು ಹೊಡೆದುಕೊಳ್ಳತೊಡಗಿದವು. ಅರ್ಜಿ ತೆರೆಯುತ್ತಿಲ್ಲ, ಫೋಟೋ ಹಾಕಿದ ಮೇಲೆ ಹಾಗೇ ನಿಂತಿದೆ. ಕಾವ್ಯ ಲ್ಯಾಂಡ್‌ಲೈನು ಒಂದು ಕಿವಿಗೆ, ಮೊಬೈಲು ಇನ್ನೊಂದು ಕಿವಿಗೆ ಇಟ್ಟುಕೊಂಡು ಸಮಾಧಾನ ಹೇಳಿದಳು. ಇಂಟರ್ನೆಟ್ ಲೈನೇ ಹೋಗಿದೆ ಎಂದು ಅವಳ ನಂಬಿಕೆ. ಲೈನ್ ಕೊಟ್ಟವರಿಗೆ ಫೋನ್ ಮಾಡಿ ಜಗಳ ತೆಗೆದಳು. ರವೀಶನ ಫೋನು ಸಿಗಲಿಲ್ಲ.

ಚಿಕ್ಕಮಾರಮ್ಮ ಖಾಲಿ ಲೋಟ ತರಲು ಒಳಕೋಣೆಗೆ ಹೋದವಳು ಮಾನಿಟರ್ ನೋಡಿದಳು. ಮೂರು ಹಳದಿ, ಒಂದು ಹಸಿರು. ಹಳದಿಗಳ ಪಕ್ಕದಲ್ಲಿ ಸೊನ್ನೆ, ಸೊನ್ನೆ, ಸೊನ್ನೆ. ನಾಲ್ಕರ ಪಕ್ಕದ ಅಂಕಿ ಒಂಬೈನೂರು ದಾಟಿತ್ತು. ಆ ಮಿಷನ್ನಿನ ಫ್ಯಾನು ಅರಚುತ್ತಿತ್ತು. ಉಳಿದ ಮೂರು ಅದರ ಪಕ್ಕದಲ್ಲೇ ಏನೂ ಕೆಲಸವಿಲ್ಲದೆ ದೀಪ ಮಿಣುಕಿಸುತ್ತಾ ನಿಂತಿದ್ದವು. ಅವಳಿಗೆ ತಪ್ಪು ಒಂದೇ ನೋಟಕ್ಕೆ ತಿಳಿಯಿತು. ಹೊರರೂಮಿನ ಬಾಗಿಲಿಗೆ ಬಂದು ನಿಂತಳು. ಅಕ್ಕ, ಮೂರು ಅಂದ್ರೆ ಎಂದು ಶುರು ಮಾಡಿದಳು. ಕಾವ್ಯ ಅವಳತ್ತ ನೋಡದೆ ಕೈ ಅಡ್ಡ ಹಿಡಿದು, ಟೀ ಬೇಡ ಚಿಕ್ಕಮ್ಮ, ಆಮೇಲೆ ಎಂದಳು. ಇನ್ನೊಂದು ಸಲ ಬಾಯಿ ತೆರೆದಳು. ಅಷ್ಟು ಫೋನುಗಳ ನಡುವೆ ಅವಳ ದನಿಗೆ ಜಾಗವೇ ಇರಲಿಲ್ಲ.

ಹೀಗೆ ಅರ್ಧ ಗಂಟೆ ಕಳೆಯಿತು. ಅವಳು ಮೂರು ಸಲ ಒಳಗೆ ಹೋಗಿ ಬಂದಳು. ಕೆಲಸದ ಸಮಯದಲ್ಲಿ ಆ ಕೀಬೋರ್ಡನ್ನು ಅವಳು ಮುಟ್ಟಿದವಳಲ್ಲ. ಮುಟ್ಟಿದ್ದು ಯಜಮಾನರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಹಟ್ಟಿಯ ಬಸ್ಸು. ನಾಲ್ಕನೇ ಸಲ ಹೋದಾಗ ಒಂಬೈನೂರು ಇದ್ದದ್ದು ಆರುನೂರಾಗಿತ್ತು. ಕೆಲಸ ಮುಗಿಸಿ ಎದ್ದವರಲ್ಲ ಅವರು, ಬೇಸತ್ತು ಬಿಟ್ಟು ಹೋದವರು. ಎರಡನ್ನೂ ಬೇರೆ ಮಾಡಿ ತಿಳಿಯುವಷ್ಟು ಬೆಳಗುಗಳನ್ನು ಅವಳು ಆ ಅಂಕಿಗಳ ಜೊತೆ ಕಳೆದಿದ್ದಳು.

ಬಾಗಿಲು ಮುಂದಕ್ಕೆ ತಳ್ಳಿ ಕುರ್ಚಿಯ ತುದಿಯಲ್ಲಿ ಕೂತಳು. ರವೀಶನ ಹೆಸರು, ರವೀಶನ ಊರು, ರವೀಶನ ಇಸವಿ. ಒಂದನೇ ಮಿಷನ್ನನ್ನು ಒಳಗೆ ಕರೆದಳು. ಎಲ್ಲವನ್ನೂ ಒಟ್ಟಿಗೆ ಕರೆದರೆ ಜನ ಮುಗಿಬೀಳುತ್ತಾರೆ ಎಂದು ಎಂದೋ ಅವನು ಹೇಳಿದ್ದು ನೆನಪಿತ್ತು. ಅದರ ಅಂಕಿ ಇನ್ನೂರಕ್ಕೆ ಬಂದ ಮೇಲೆ ಎರಡನೆಯದನ್ನು ಕರೆದಳು. ಮೂರನೆಯದನ್ನು ಮುಟ್ಟಲಿಲ್ಲ. ಕಿಟಕಿ ತೆಗೆದು, ಹೊರರೂಮಿನಿಂದ ಟೇಬಲ್ ಫ್ಯಾನು ತಂದು ನಾಲ್ಕನೆಯದರ ಮುಖಕ್ಕೆ ತಿರುಗಿಸಿದಳು. ಕಾಲು ಗಂಟೆಯಲ್ಲಿ ಫೋನುಗಳು ಒಂದೊಂದಾಗಿ ಸುಮ್ಮನಾದವು. ಕಾವ್ಯ ಉಸ್ಸೆಂದು ಒರಗಿ, ಅಂತೂ ಲೈನ್ ಬಂತು ಎಂದಳು. ಚಿಕ್ಕಮಾರಮ್ಮ ಹೂಂ ಎಂದು ಅವಳ ಮುಂದೆ ಟೀ ಇಟ್ಟಳು.

ಆ ಮಧ್ಯಾಹ್ನ ಮೆಟ್ಟಿಲ ಮೇಲೆ ಕೂತು ಮುದ್ದೆ ತಿನ್ನುವಾಗ ಅವಳಿಗೆ ಯಾರಿಗಾದರೂ ಹೇಳಬೇಕು ಅನ್ನಿಸಿತು. ತಪ್ಪು ಒಪ್ಪಿಕೊಳ್ಳುವುದಕ್ಕಲ್ಲ. ಸುಮ್ಮನೆ, ಹೀಗಾಯ್ತು, ಹೀಗೆ ಮಾಡಿದೆ ಎಂದು. ಅತ್ತೆಗೆ ಅರ್ಥವಾಗುವುದಿಲ್ಲ. ಹಟ್ಟಿಯಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅರ್ಥವಾಗುವವನು ಒಬ್ಬನೇ, ವಸಂತನರಸಾಪುರದಲ್ಲಿದ್ದಾನೆ, ಅವನಿಗೆ ಫೋನ್ ಮಾಡಲು ಅವಳ ಹತ್ತಿರ ಫೋನಿಲ್ಲ. ಡಬ್ಬಿ ತೊಳೆದು ಎದ್ದಳು.

ನಾಲ್ಕು ಗಂಟೆಗೆ ಚನ್ನವೀರಯ್ಯನವರು ಬಂದರು. ಜೊತೆಗೆ ಕಾಲೇಜಿನ ಕಡೆಯ ಇಬ್ಬರು. ಬೆಳಿಗ್ಗೆ ಮುಕ್ಕಾಲು ಗಂಟೆ ಏನಾಗಿತ್ತು, ಅದನ್ನು ಬರಹದಲ್ಲಿ ತೋರಿಸಿ ಎಂದು ಅವರ ಪಟ್ಟು. ಕಾವ್ಯ ಪೆಟ್ಟಿಗೆಯ ದಾಖಲೆಯನ್ನು ಪ್ರಿಂಟ್ ತೆಗೆದಳು. ತೆಗೆದ ಮೇಲೆ ಅವಳ ಮುಖ ಇಳಿಯಿತು. ಒಂಬತ್ತು ಐವತ್ತಕ್ಕೆ ಕಾವ್ಯ ಮೂರು ಮಿಷನ್ ಹೊರಗಿಟ್ಟದ್ದು ಅಲ್ಲಿತ್ತು. ಅವಳು ಅಳುತ್ತಾ ರವೀಶ್ ಸರ್ರೇ ಮೂರು ಅಂದಿದ್ದು ಎಂದಳು. ಚನ್ನವೀರಯ್ಯನವರು ಅದನ್ನು ಅರ್ಥ ಮಾಡಿಕೊಂಡರು. ಮಾತು ಕೇಳಿಸಿಕೊಂಡದ್ದರಲ್ಲಿ ಆದ ತಪ್ಪು ಎಂದು ಬಂದವರಿಗೂ ಒಪ್ಪಿಸಿದರು. ಬಂದವರಲ್ಲಿ ಒಬ್ಬರು ಕೆಳಗಿನ ಸಾಲಿಗೆ ಬೆರಳಿಟ್ಟರು. ಹತ್ತು ಮೂವತ್ತೈದು, ರವೀಶ್, ಒಂದು ಒಳಗೆ. ಹತ್ತು ನಲವತ್ತು, ರವೀಶ್, ಎರಡು ಒಳಗೆ. ಫ್ಯಾಕ್ಟರಿಯಲ್ಲಿ ಇಂಟರ್ನೆಟ್ಟೇ ಇನ್ನೂ ಬಂದಿಲ್ಲ ಎಂದಿರಲ್ಲ, ಇದು ಯಾವ ರವೀಶ್ ಎಂದು ಕೇಳಿದರು.

ಕಾವ್ಯ ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. "ಆಗ ಒಳಗಿದ್ದಿದ್ದು ಚಿಕ್ಕಮ್ಮ ಒಬ್ಳೇ ಸರ್. ಅವ್ಳು ಎಲ್ಲಾನೂ ನೋಡ್ತಿರ್ತಾಳೆ. ಯಾರ್ ಬೆರಳು ಎಲ್ಲಿ ಹೋಗುತ್ತೆ ಅನ್ನೋದ್ನೂ."

ಚನ್ನವೀರಯ್ಯನವರು ಕರೆದರು. ಅವಳು ಬಂದು ಗೋಡೆಗೆ ಅಂಟಿ ನಿಂತಳು. ನೀನೇನಮ್ಮ ಎಂದು ಕೇಳಿದ್ದಕ್ಕೆ ಹೌದು ಎಂದು ತಲೆಯಾಡಿಸಿದಳು. ಪಾಸ್‌ವರ್ಡ್ ಕದ್ದು ನೋಡಿದ್ದಾ ಎಂದಾಗ ಇಲ್ಲ ಎಂದಳು. ರವೀಶ್ ಸಾರ್ ಹೇಳಿಕೊಟ್ಟಿದ್ದು, ದಿನಾ ಬೆಳಿಗ್ಗೆ ಮಾಡುತ್ತೇನೆ ಎಂದಳು. ಅಷ್ಟು ಮಾತು ಅವಳು ಆ ಆಫೀಸಿನಲ್ಲಿ ಒಟ್ಟಿಗೆ ಆಡಿದ್ದು ಅದೇ ಮೊದಲು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನೋಡಮ್ಮ," ಎಂದರು ಚನ್ನವೀರಯ್ಯನವರು. ಸಿಟ್ಟು ಇರಲಿಲ್ಲ ಅವರ ದನಿಯಲ್ಲಿ, ದಣಿವಿತ್ತು. "ನೀನು ಮಾಡಿದ್ದು ಒಳ್ಳೇದೋ ಕೆಟ್ಟದ್ದೋ ನಾನು ಕೇಳ್ತಿಲ್ಲ. ಪಾಸ್‌ವರ್ಡ್ ಅವನೇ ಕೊಟ್ಟಿದ್ರೆ ಅದು ನಂಗೂ ಅವನಿಗೂ ಇರೋ ಮಾತು, ನೀನು ನಾಳೆ ಬಂದು ಕಸ ಗುಡ್ಸು. ಅವನು ಕೊಟ್ಟಿಲ್ಲ ಅಂದ್ರೆ ಕಳ್ತನ. ಇವತ್ತೇ ಕೆಲ್ಸ ಬಿಡ್ಬೇಕಾಗುತ್ತೆ."

ಅವರು ಮೇಜಿನ ಫೋನಿನಿಂದಲೇ ರವೀಶನ ನಂಬರ್ ಒತ್ತಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಹಾಕಿದರು. ಈ ಸಲ ಸಿಕ್ಕಿತು. ಹೇಳಿ ಸರ್ ಎಂದ ರವೀಶ್. ಚನ್ನವೀರಯ್ಯನವರು ಸುತ್ತಿ ಬಳಸದೆ ಎಲ್ಲ ಹೇಳಿದರು. ಕಾಲೇಜಿನವರು ಎದುರಿಗೇ ಕೂತಿದ್ದಾರೆ ಎಂದರು. ಕರಾರಿನಲ್ಲಿ ಎರಡೇ ಹೆಸರು ಇರುವುದು ನಿನಗೂ ಗೊತ್ತು, ನಿನ್ನ ಸಹಿಯೂ ಅದರಲ್ಲಿದೆ ಎಂದರು.

"ನಿನ್ನ ಪಾಸ್‌ವರ್ಡ್ ನೀನೇ ಕೊಟ್ಟಿದ್ದಾ ಈಕೆಗೆ?"

ಲೈನ್ ಹೋಗಿರಲಿಲ್ಲ. ಫ್ಯಾಕ್ಟರಿಯಲ್ಲಿ ಯಾವುದೋ ಪ್ರೆಸ್ಸು ತಗಡಿನ ಮೇಲೆ ಬೀಳುವ ಸದ್ದು ಸ್ಪೀಕರಿನಲ್ಲಿ ಬರುತ್ತಲೇ ಇತ್ತು. ಬಿದ್ದು, ಸ್ವಲ್ಪ ತಡೆದು, ಮತ್ತೆ ಬೀಳುತ್ತಿತ್ತು. ಕಾವ್ಯ ಪ್ರಿಂಟನ್ನು ಮಡಿಸುತ್ತಾ ಕೂತಿದ್ದಳು. ಬಂದವರಲ್ಲಿ ಒಬ್ಬರು ಗಡಿಯಾರ ನೋಡಿದರು.

ಚಿಕ್ಕಮಾರಮ್ಮ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ಫೋನಿನ ಕಡೆ ಬಗ್ಗಿದಳು.

"ಸಾ, ನೀವೇ ಹೇಳ್ಕೊಟ್ಟಿದ್ದು ಅಂತ ಒಂದ್ ಮಾತು ಹೇಳಿ ಸಾ."

ಪ್ರೆಸ್ಸು ಇನ್ನೊಂದು ಸಲ ಬಿತ್ತು.